ಗೀರು ಒಂದೇ ಸಲ

ಗಾಜು ಕೊಯ್ಯುವುದರಲ್ಲಿ ವಜ್ರಕ್ಕನನ್ನು ಮೀರಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ಅವಳ ಕೈಚಳಕ ನೋಡಿದ ಮೇಲೆ ನಾಚಿಕೆಯಾಗಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿಕೊಂಡಿರಬೇಕು. ಆಳೆತ್ತರದ ಗಾಜಿನ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ, ಮರದ ಪಟ್ಟಿಯನ್ನು ಒತ್ತಿ ಹಿಡಿದು, ವಜ್ರದ ಮೊನೆಯನ್ನು ಈ ತುದಿಯಿಂದ ಆ ತುದಿಗೆ ಒಂದು ಸಲ ಎಳೆದಳೆಂದರೆ ರೇಷ್ಮೆ ಸೀಳಿದಂಥ ಸದ್ದು. ಆಮೇಲೆ ಉಳಿದವರ ಹಾಗೆ ಅವಳು ಗಾಜನ್ನು ಅಂಚಿಗೆ ಒತ್ತಿ ಮುರಿಯುತ್ತಿರಲಿಲ್ಲ. ಸುಮ್ಮನೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು, ಗಾಜು ಹೆದರಿ ತಾನೇ ಎರಡಾಗುತ್ತಿತ್ತು. ನಂಬದವರು ಕಾರ್ಖಾನೆಯಲ್ಲಿ ಯಾರನ್ನಾದರೂ ಕೇಳಬಹುದು. ಅವರು ಹೇಳುವುದರಲ್ಲಿ ಅರ್ಧವಾದರೂ ನಿಜವಿರುತ್ತದೆ.

ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹಳೆಯ ಯಜಮಾನರು ತಮ್ಮ ಸ್ವಂತ ವಜ್ರದ ಮೊನೆಯನ್ನು ಅವಳ ಕೈಗೆ ಕೊಟ್ಟ ದಿನದಿಂದ ಊರಿಗೆಲ್ಲ ಅವಳು ವಜ್ರಕ್ಕ.

ಇಂಥ ವಜ್ರಕ್ಕ ಗಣಿತದಲ್ಲಿ ಡುಮ್ಕಿ ಹೊಡೆದಿದ್ದಳು. ಅದೂ ಎರಡು ಸಲ.

ಓದನ್ನು ಅರ್ಧಕ್ಕೆ ಬಿಟ್ಟ ದೊಡ್ಡವರು ಬರೆದು ಹೈಸ್ಕೂಲು ಮುಗಿಸಿದಂತೆಯೇ ಎಂದು ಅನ್ನಿಸಿಕೊಳ್ಳುವ ಪರೀಕ್ಷೆ ಒಂದಿದೆಯಲ್ಲ, ಅದು. ಭಾಷೆಯಲ್ಲಿ ಪಾಸಾಗಿದ್ದಳು, ವಿಜ್ಞಾನದಲ್ಲಿ ಪಾಸಾಗಿದ್ದಳು, ಸಮಾಜದಲ್ಲಂತೂ ಪುಟ ಸಾಲದೆ ಹೆಚ್ಚಿನ ಹಾಳೆ ಕೇಳಿ ಪಡೆದು ಯುದ್ಧಗಳನ್ನೆಲ್ಲ ತಾನೇ ಮಾಡಿಸಿದವಳಂತೆ ಬರೆದಿದ್ದಳು. ಉಳಿದದ್ದು ಗಣಿತ ಒಂದೇ. ಹಗಲಿಡೀ ಅಳತೆಯಲ್ಲೇ ಬದುಕುವವಳಿಗೆ ಗಣಿತ ಒಂದೇ.

ಇದಕ್ಕೆಲ್ಲ ಮೂಲ ಹೊಸ ಯಜಮಾನ. ಹಳೆಯ ಯಜಮಾನರಿಗೆ ಕಾಗದವೆಂದರೆ ಗಾಜಿನ ಹಾಳೆಗಳ ನಡುವೆ ಇಡುವ ವಸ್ತು. ಹೊಸಬನಿಗೆ ಗಾಜೆಂದರೆ ಕಾಗದ ಹಾರದಂತೆ ಮೇಲೆ ಇಡುವ ವಸ್ತು. ಕಾರ್ಖಾನೆಯಲ್ಲಿ ಗಾಜು ಕೊಯ್ಯುವ ಮನೆಯ ಮೇಸ್ತ್ರಿ ವಯಸ್ಸಾಗಿ ಕೆಲಸ ಬಿಟ್ಟಾಗ ಎಲ್ಲರ ಕಣ್ಣೂ ವಜ್ರಕ್ಕನ ಕಡೆ ತಿರುಗಿತು. ಹೊಸ ಯಜಮಾನನ ಕಣ್ಣು ಮಾತ್ರ ನಿಯಮದ ಕಡೆ ತಿರುಗಿತು.

"ಅಕ್ಕಾ, ನಿಮ್ಮ ಕೈ ಬಗ್ಗೆ ನಂದೇನೂ ತಕರಾರಿಲ್ಲ," ಎಂದಿದ್ದ ಅವನು. "ಮೇಸ್ತ್ರಿ ಆಗೋರಿಗೆ ಹೈಸ್ಕೂಲು ಆಗಿರ್ಬೇಕು, ಅಷ್ಟೆ. ನೀವು ಪಾಸಾಗೋ ತನಕ ನಿಮ್ಮ ಮೈದುನ ಕೂತಿರಲಿ."

ಮೈದುನನೆಂದರೆ ಅವಳ ಗಂಡನ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ, ಕಲಿಸಲು ಹೋಗಿ ಸೋತವಳೂ ಅವಳೇ. ಅವನು ಪಕ್ಕದಲ್ಲಿ ನಿಂತರೆ ಸಾಕು, ಗಾಜಿಗೆ ಬಿರುಕು ಬರುತ್ತಿತ್ತು. ಅವನು ಸೀನಿದರೆ ಎದುರು ಬೀದಿಯ ಕ್ಷೌರದಂಗಡಿಯವನು ಓಡಿಬಂದು ಕನ್ನಡಿಗೆ ಬಟ್ಟೆ ಮುಚ್ಚುತ್ತಿದ್ದ. ಆದರೆ ಅವನು ಸಕಾಲಕ್ಕೆ ಹೈಸ್ಕೂಲು ಮುಗಿಸಿದ್ದ. ಅದರ ಪ್ರಮಾಣಪತ್ರ ಮನೆಯ ನಡುಮನೆಯಲ್ಲಿ ಚೌಕಟ್ಟಿನೊಳಗೆ ತೂಗುತ್ತಿತ್ತು. ಆ ಚೌಕಟ್ಟಿಗೆ ಗಾಜು ಕೊಯ್ದುಕೊಟ್ಟವಳು ವಜ್ರಕ್ಕ. ಮನೆಯ ಕನ್ನಡಿಯೂ ಅವನ ಕೈಯಲ್ಲಿ ಒಡೆದಿದ್ದರಿಂದ ಈಗ ದಿನಾ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಅವಳಿಗೆ ಸಿಗುತ್ತಿದ್ದ ಹೊಳಪಿನ ಜಾಗ ಅದೊಂದೇ. ತನ್ನ ಮುಖದ ಹಿಂದೆ ಮೈದುನನ ಅಂಕಗಳು ಕಾಣುತ್ತಿದ್ದವು.

ಮೂರನೆಯ ಸಲ ಪರೀಕ್ಷೆ ಕಟ್ಟುವಾಗ ಯಜಮಾನ ಇನ್ನೂ ಒಂದು ಮಾತು ಸೇರಿಸಿದ್ದ. "ಇದೇ ಕೊನೇ ಸಲ ಅಕ್ಕಾ. ಪಾಸಾದ್ರೆ ಕುರ್ಚಿ ನಿಮ್ದು. ಆಗ್ಲಿಲ್ವಾ, ಅವನೇ ಖಾಯಂ."

ಕುರ್ಚಿಯ ಆಸೆಗಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಆ ಕುರ್ಚಿಯಿಂದ ಬರುವ ದನಿ. ಮೈದುನ ಕೂತಲ್ಲಿಂದಲೇ ಕೂಗುತ್ತಿದ್ದ: "ಅತ್ತಿಗೇ, ಆ ಹಾಳೆ ಸ್ವಲ್ಪ ಜಾಗ್ರತೆ." ಜಾಗ್ರತೆಯಂತೆ. ಅವಳಿಗೆ. ಇನ್ನು ಬದುಕಿಡೀ ಆ ಜಾಗ್ರತೆಯನ್ನು ಕೇಳಬೇಕಾಗುತ್ತದೆಂದು ನೆನೆದರೆ ಹಲ್ಲು ತಾನಾಗಿ ಕಡಿಯುತ್ತಿತ್ತು.

ಯಾಕೆ ಡುಮ್ಕಿ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಫಲಿತಾಂಶ ಬಂದಾಗ ಅರ್ಧ ದಿನದ ರಜೆ ಹಾಕಿ ಪರೀಕ್ಷಾ ಕಚೇರಿಗೆ ಹೋಗಿದ್ದಳು. ಕಿಟಕಿಯ ಹಿಂದೆ ಕೂತ ಗುಮಾಸ್ತ ಇವಳನ್ನು ನೋಡುವ ಮೊದಲೇ ಇಲ್ಲವೆಂದು ತಲೆಯಾಡಿಸತೊಡಗಿದ್ದ.

"ನನ್ನ ಉತ್ತರಪತ್ರಿಕೆ ನೋಡ್ಬೇಕು."

"ತೋರ್ಸೋ ಹಾಗಿಲ್ಲಮ್ಮ."

"ಎಲ್ಲಿ ತಪ್ಪಾಗಿದೆ ಅಂತ ತಿಳಿಯೋದು ಹೇಗೆ?"

"ತಪ್ಪಾಗಿದೆ ಅಂತ ತಿಳ್ದಿದ್ಯಲ್ಲ. ಅಂಕ ಕೊಟ್ಟಿದ್ದಾರಲ್ಲ."

"ಎಲ್ಲಿ ಅಂತ ಕೇಳ್ತಿರೋದು."

ಗುಮಾಸ್ತ ಸ್ವಲ್ಪ ಯೋಚಿಸಿದ. "ಒಟ್ಟಾರೆ," ಎಂದ.

"ಗಾಜು ಒಡೆದ್ರೆ ಎಲ್ಲಿಂದ ಒಡೀತು ಅಂತಾದ್ರೂ ಕಾಣುತ್ತೆ ಸ್ವಾಮಿ."

"ಇದು ಗಾಜಿನ ಕಚೇರಿ ಅಲ್ಲಮ್ಮ," ಎಂದು ಅವನು ಕಿಟಕಿ ಮುಚ್ಚಿದ. ಅದರ ಗಾಜು ಗಡಗಡ ಅಲ್ಲಾಡಿತು. ಅಂಟು ಒಣಗಿಹೋಗಿದೆ, ಸರಿಮಾಡಿಸು ಎಂದು ಹೇಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ಅವಳಿಗಿರಲಿಲ್ಲ.

ಹಾಗಾಗಿ ಮೂರನೆಯ ಸಲಕ್ಕೆ ಮಗಳೇ ಮೇಷ್ಟರಾದಳು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಕಾಲೇಜು ಮುಗಿಸಿದ್ದಳು, ಮತ್ತು ತಾಳ್ಮೆಯನ್ನು ಯಾವುದೋ ಗಿರಾಕಿಗೆ ಚಿಲ್ಲರೆ ಜೊತೆ ಕೊಟ್ಟು ಬಂದಿದ್ದಳು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪಾಠ ನಡೆಯುತ್ತಿತ್ತು. ಅತ್ತೆ ಮೂಲೆಯಲ್ಲಿ ಬಟಾಣಿ ಸುಲಿಯುತ್ತ ಕೂತಿರುತ್ತಿದ್ದರು. ಸುಲಿದದ್ದಕ್ಕಿಂತ ನುಂಗಿದ್ದೇ ಹೆಚ್ಚು.

"ಅಮ್ಮಾ, ಎಕ್ಸ್ ಅಂದ್ರೆ ನಮಗೆ ಗೊತ್ತಿಲ್ಲದ ಸಂಖ್ಯೆ."

"ಗೊತ್ತಿಲ್ದೇ ಇದ್ರೆ ಹೋಗಿ ಅಳೆದುಕೊಂಡು ಬರ್ಬೇಕು. ಕೂತಲ್ಲೇ ಎಕ್ಸ್ ಅಂತ ಬರೆದ್ರೆ ಗಿರಾಕಿ ಒಪ್ತಾನಾ?"

"ಗಿರಾಕಿ ಇಲ್ಲಮ್ಮ ಇಲ್ಲಿ."

"ಗಿರಾಕಿ ಇಲ್ದೇ ಲೆಕ್ಕ ಯಾಕೆ ಮಾಡ್ತಾರೆ?"

"ನನ್ನ ಸಣ್ಣ ಮಗ ಇದನ್ನೆಲ್ಲ ಮೀಸೆ ಬರೋಕ್ ಮುಂಚೇನೇ ಮಾಡಿ ಮುಗಿಸ್ದ," ಎಂದರು ಅತ್ತೆ, ಬಟಾಣಿಗೆ ಹೇಳುವವರಂತೆ.

"ಅತ್ತೇ, ನಿಮ್ಮ ಸಣ್ಣ ಮಗ ಮೀಸೆ ಬಂದ ಮೇಲೆ ಏನು ಮಾಡ್ದ ಅಂತಾನೂ ಹೇಳಿ."

ಅತ್ತೆ ಬಾಯಿಗೆ ಬಟಾಣಿ ಹಾಕಿಕೊಂಡರು.

ಹೀಗೆ ಬೈದಾಡುತ್ತಲೇ ವಜ್ರಕ್ಕ ಬೀಜಗಣಿತವನ್ನು ಹಿಡಿದು ಪಳಗಿಸಿದಳು. ಮೊದಮೊದಲು ಎಕ್ಸ್ ಅವಳನ್ನು ಕಂಡರೆ ಪುಟದಿಂದ ಓಡಿಹೋಗುತ್ತಿತ್ತು, ಕೊನೆಕೊನೆಗೆ ಕರೆದ ಕಡೆ ಬಂದು ಕೂರತೊಡಗಿತು. ಪುಸ್ತಕದ ಕೊನೆಯ ಭಾಗ ಅಳತೆಯದು: ಆಯತ, ಚೌಕ, ತೊಟ್ಟಿ, ಹೊಲ. ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ. ಅಲ್ಲಿಗೆ ಬಂದಾಗ ಮಗಳು ಪುಸ್ತಕ ಮುಚ್ಚಿದಳು.

"ಇದು ನಿಂಗೆ ಹೇಳಿಕೊಡೋದಾ? ಬಿಡಮ್ಮ. ಮೀನಿಗೆ ಈಜು ಕಲಿಸಿದ ಹಾಗೆ."

"ಅದೂ ನಿಜ ಅನ್ನು," ಎಂದಳು ವಜ್ರಕ್ಕ, ಮತ್ತು ಎದೆ ಒಂದು ಗೇಣು ಉಬ್ಬಿತು. ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು ಅದೊಂದೇ ಆಗಿತ್ತು. ಆ ಒಂದು ಮಾತೇ ತಪ್ಪಾಗಿತ್ತು.

ಕೊಯ್ಯುವ ಮನೆಯಲ್ಲಿ ಎರಡು ಕಟ್ಟಳೆಗಳು. ಹಳೆಯ ಯಜಮಾನರು ಹೊಸದಾಗಿ ಸೇರಿದವರ ಕಿವಿಗೆ ಇವನ್ನು ಮೊದಲ ದಿನವೇ ಹಾಕುತ್ತಿದ್ದರು, ಬೇಕಾದರೆ ಕಿವಿ ಹಿಂಡಿ ಹಾಕುತ್ತಿದ್ದರು. ಒಂದು: ಗೀರು ಒಂದೇ ಸಲ. ಗಾಜಿನ ಮೇಲೆ ಎಳೆದ ಗೀರಿನ ಮೇಲೆ ಮತ್ತೆ ಮೊನೆ ಆಡಿಸಬಾರದು. ಆಡಿಸಿದರೆ ಮೊನೆಯೂ ಹಾಳು, ಗಾಜೂ ತನಗೆ ಬೇಕಾದ ದಿಕ್ಕಿಗೆ ಸಿಡಿಯುತ್ತದೆ. ಎರಡು: ಉಸಿರು ಬಿಡಬೇಕು. ಚೌಕಟ್ಟಿನ ಅಳತೆ ಎಷ್ಟೇ ಇರಲಿ, ಗಾಜನ್ನು ಅದಕ್ಕಿಂತ ಎರಡು ಮಿಲಿಮೀಟರ್ ಕಡಿಮೆ ಕೊಯ್ಯಬೇಕು. ಸೆಕೆಗೆ ಗಾಜು ಹಿಗ್ಗುತ್ತದೆ, ಮರ ಉಬ್ಬುತ್ತದೆ, ಎರಡಕ್ಕೂ ಅಲುಗಾಡಲು ಜಾಗ ಬೇಕು. ಆ ಎರಡು ಮಿಲಿಮೀಟರಿಗೆ ಅವರ ಬಾಯಲ್ಲಿ ಉಸಿರು ಎಂದೇ ಹೆಸರು.

ಮೈದುನನಿಗೆ ಈ ಎರಡೂ ತಲೆಗೆ ಹತ್ತಲಿಲ್ಲ. ವಜ್ರಕ್ಕನಿಗೆ ಎರಡೂ ಎಲುಬಿಗೇ ಇಳಿದಿದ್ದವು. ಅವಳು ಬಾಳೆಹಣ್ಣು ಸುಲಿದರೂ ಒಂದೇ ಎಳೆತ, ಮನೆಗೆ ಪರದೆ ಹೊಲಿಸಲು ಹೋದರೂ ಅಳತೆ ಹೇಳುವ ಮೊದಲೇ ಎರಡು ಮಿಲಿಮೀಟರ್ ಕಳೆದಿರುತ್ತಿದ್ದಳು. ತಾನು ಕಳೆದೆ ಎಂಬುದು ಅವಳಿಗೇ ಗೊತ್ತಾಗುತ್ತಿರಲಿಲ್ಲ, ನಮಗೆ ಕಣ್ಣು ಮಿಟುಕಿಸಿದ್ದು ಗೊತ್ತಾಗದ ಹಾಗೆ.

ಪರೀಕ್ಷೆಯ ಬೆಳಿಗ್ಗೆ ಗಂಡ ಅವಳನ್ನು ಕಾರ್ಖಾನೆಯ ವ್ಯಾನಿನಲ್ಲಿ ಕರೆದುಕೊಂಡು ಹೊರಟ. ಅವನು ಗಾಜು ಸಾಗಿಸುವ ವ್ಯಾನಿನ ಚಾಲಕ. ನಿಧಾನಣ್ಣ ಎಂದು ಎಲ್ಲರೂ ಕರೆಯುತ್ತಿದ್ದರು. ಗಾಜು ಅಲುಗಬಾರದೆಂದು ರೂಢಿಯಾದ ನಿಧಾನ ಅವನ ರಕ್ತಕ್ಕೇ ಸೇರಿಹೋಗಿತ್ತು. ಖಾಲಿ ವ್ಯಾನನ್ನೂ ಹಾಗೆಯೇ ಓಡಿಸುತ್ತಿದ್ದ. ಒಮ್ಮೆ ಒಂದು ಬಸವನಹುಳು ಹಿಂದಿನಿಂದ ಬಂದು ದಾರಿ ಕೇಳಿತ್ತೆಂದು ಕಾರ್ಖಾನೆಯಲ್ಲಿ ಮಾತಿದೆ.

"ಸ್ವಲ್ಪ ಒತ್ರೀ," ಎಂದಳು ವಜ್ರಕ್ಕ.

"ಒತ್ತಿದ್ದೀನಿ ಕಣೇ."

"ಯಾವುದನ್ನ?"

"ನೀನು ಗಾಬರಿ ಆಗ್ಬೇಡ. ಅಲುಗಿದ್ರೆ ಓದಿದ್ದೆಲ್ಲ ಚೆಲ್ಲಿಹೋಗುತ್ತೆ."

ಪಕ್ಕದಲ್ಲಿ ಒಬ್ಬ ಮುದುಕ ಊರುಗೋಲು ಹಿಡಿದು ನಡೆಯುತ್ತಿದ್ದ. ಅವನು ಮುಂದೆ ಹೋದ. ವಜ್ರಕ್ಕ ಕಣ್ಣು ಮುಚ್ಚಿಕೊಂಡು ಬೀಜಗಣಿತದ ಸೂತ್ರವನ್ನು ಬೈಗುಳದ ಧಾಟಿಯಲ್ಲಿ ಹೇಳಿಕೊಂಡಳು.

ಕೇಂದ್ರವಾಗಿದ್ದದ್ದು ಒಂದು ಚಿಕ್ಕ ಮಕ್ಕಳ ಶಾಲೆ. ಬೆಂಚುಗಳು ಎಷ್ಟು ಚಿಕ್ಕವೆಂದರೆ ಕೂತ ದೊಡ್ಡವರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಅವಳ ಮುಂದೆ ಒಬ್ಬ ಕಾವಲುಗಾರ, ಅವನ ಬೆನ್ನು ಇಡೀ ಕರಿಹಲಗೆಯನ್ನು ಮರೆಮಾಡಿತ್ತು. ಪಕ್ಕದಲ್ಲಿ ಒಬ್ಬಳು ಸೂಲಗಿತ್ತಿ, ಬರೆಯುವ ಮೊದಲು ಕೈ ತೊಳೆದುಕೊಂಡು ಬಂದಳು. ಮೇಜಿನ ಒಂದು ಕಾಲು ಗಿಡ್ಡ. ಬರೆದಾಗಲೆಲ್ಲ ಅದು ಟಕ್ ಎಂದು ಕುಟ್ಟುತ್ತಿತ್ತು, ಯಾರೋ ಒಳಗಿನಿಂದ ಬಾಗಿಲು ತಟ್ಟಿ ಬೇಗ ಬೇಗ ಎಂದ ಹಾಗೆ.

ಮೇಲ್ವಿಚಾರಣೆಗೆ ಬಂದ ಟೀಚರು ದಪ್ಪ ಕನ್ನಡಕದ ಗಟ್ಟಿಗಿತ್ತಿ. "ಗಂಟೆ ಹೊಡಿಯೋ ತನಕ ಯಾರೂ ಏಳೋ ಹಾಗಿಲ್ಲ," ಎಂದು ಮೊದಲೇ ಹೇಳಿದರು. "ಹೋದ ಸಲ ಯಾರೋ ಬೇಗ ಮುಗಿಸಿ ಎದ್ದು ಹೋಗಿ ಉಳಿದವರ ಎದೆ ಒಡ್ಸಿದ್ರಂತೆ. ಮುಗಿಸಿದವರು ಬರೆದದ್ದನ್ನ ಇನ್ನೊಂದ್ಸಲ ನೋಡಿ."

ಆ ಯಾರೋ ಬೇರೆ ಯಾರೂ ಅಲ್ಲ. ಎರಡು ಸಲವೂ ಎಲ್ಲರಿಗಿಂತ ಮೊದಲು ಪೇಪರು ಕೊಟ್ಟು, ತಲೆ ಎತ್ತಿಕೊಂಡು ಹೊರಟವಳು ವಜ್ರಕ್ಕನೇ. ಬರೆದದ್ದನ್ನು ಮತ್ತೆ ನೋಡುವುದೆಂದರೆ ಎಳೆದ ಗೀರಿನ ಮೇಲೆ ಮತ್ತೆ ಮೊನೆ ಆಡಿಸಿದ ಹಾಗೆ. ಕೈಲಾಗದವರ ಕೆಲಸ. ಅವಳು ಪೆನ್ಸಿಲು ತಂದಿರಲಿಲ್ಲ, ಕಚ್ಚಾ ಕೆಲಸಕ್ಕೆಂದು ಬಿಟ್ಟ ಪುಟವನ್ನು ಮುಟ್ಟುತ್ತಿರಲಿಲ್ಲ, ಒಂದು ಅಕ್ಷರವನ್ನೂ ಹೊಡೆದುಹಾಕುತ್ತಿರಲಿಲ್ಲ. ಎಲ್ಲ ಲೆಕ್ಕ ತಲೆಯೊಳಗೇ ಮುಗಿಸಿ ಉತ್ತರವನ್ನು ಒಂದೇ ಎಳೆತಕ್ಕೆ ಇಳಿಸುತ್ತಿದ್ದಳು.

ಎಕ್ಸುಗಳೆಲ್ಲ ಹೇಳಿದ ಮಾತು ಕೇಳಿದವು. ಆಮೇಲೆ ಅಳತೆಯ ಭಾಗ ಬಂತು. ವಜ್ರಕ್ಕ ಬೆರಳು ನೆಟಿಗೆ ಮುರಿದಳು. ನೂರ ಇಪ್ಪತ್ತು ಸೆಂಟಿಮೀಟರ್ ಉದ್ದ, ಅರವತ್ತು ಅಗಲದ ಮೇಜಿನ ಹಲಗೆಯ ವಿಸ್ತೀರ್ಣ. ಏಳು ಸಾವಿರದ ನೂರ ಅರವತ್ತನಾಲ್ಕು ಚುಕ್ಕಿ ಸೊನ್ನೆ ನಾಲ್ಕು. ನಲವತ್ತು ಮೀಟರ್ ಉದ್ದ, ಇಪ್ಪತ್ತೈದು ಅಗಲದ ಹೊಲ. ಒಂಬೈನೂರ ತೊಂಬತ್ತೊಂಬತ್ತು ಚುಕ್ಕಿ ಎಂಟು ಏಳು, ಅದರ ಹಿಂದೆ ಮೂರು ಸೊನ್ನೆ, ಕೊನೆಗೊಂದು ನಾಲ್ಕು. ಚುಕ್ಕಿಯ ಹಿಂದೆ ಅಷ್ಟು ಉದ್ದದ ಬಾಲವಿರುವ ಉತ್ತರವನ್ನು ತಲೆಯಲ್ಲೇ ಕಟ್ಟುವವರು ಲೋಕದಲ್ಲಿ ಎಷ್ಟು ಜನ ಇದ್ದಾರೆ? ಸೂಲಗಿತ್ತಿ ಪಾಪ ಬೆರಳೆಣಿಸುತ್ತಿದ್ದಳು. ತೊಟ್ಟಿ, ಪೆಟ್ಟಿಗೆ, ಹಾದಿ, ತೋಟದ ಬೇಲಿ, ಎಲ್ಲವನ್ನೂ ಸರಸರ ಎಳೆದು ಮುಗಿಸಿ, ಪೆನ್ನಿಗೆ ಟೋಪಿ ಹಾಕಿ, ಕೈಕಟ್ಟಿ ಕೂತಳು.

ಗಂಟೆಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಏಳಲು ಹೋದಳು. ಟೀಚರು ಕನ್ನಡಕದ ಮೇಲಿಂದ ನೋಡಿದರು. ಕೂತಳು.

ಇನ್ನೇನು ಮಾಡುವುದು, ಕಿಟಕಿ ನೋಡಿದಳು. ಗಾಜಿನವರಿಗೆ ಕಿಟಕಿ ಕಂಡರೆ ಆಚೆಯದು ಕಾಣುವುದಿಲ್ಲ, ಗಾಜೇ ಕಾಣುತ್ತದೆ. ಮೇಲಿನ ಗಾಜಿಗೆ ಮೂಲೆಯಿಂದ ಒಂದು ಬಿರುಕು ಎದ್ದು, ಮಿಂಚಿನ ಹಾಗೆ ಕೆಳಗಿನವರೆಗೂ ಓಡಿತ್ತು. ಅದರ ಮೇಲೆ ಯಾರೋ ಉದ್ದಕ್ಕೂ ಟೇಪು ಅಂಟಿಸಿದ್ದರು. ಈ ಶಾಲೆಗೆ ಹೋದ ವರ್ಷ ಗಾಜು ಹಾಕಿದ್ದು ಅವರ ಕಾರ್ಖಾನೆಯೇ. ಹಾಕಲು ಬಂದವನು ಮೈದುನ. ಮಕ್ಕಳು ಕಲ್ಲು ಹೊಡೆದರು ಎಂದು ಆಮೇಲೆ ಹೇಳಿದ್ದ.

ಕಲ್ಲಂತೆ. ಕಲ್ಲು ಬಿದ್ದರೆ ನಡುವಿಂದ ಒಡೆಯಬೇಕು. ಇದು ಮೂಲೆಯಿಂದ ಎದ್ದಿದೆ. ಮಹರಾಯ ಚೌಕಟ್ಟಿನ ಅಳತೆಗೇ ಕೊಯ್ದು, ಸುತ್ತಿಗೆಯಲ್ಲಿ ಕುಟ್ಟಿ ಕೂರಿಸಿದ್ದಾನೆ. ಉಸಿರಿಗೆ ಜಾಗ ಬಿಟ್ಟಿಲ್ಲ. ಚೌಕಟ್ಟು ಎಷ್ಟಿದೆಯೋ ಅಷ್ಟೇ ಕೊಯ್ಯುವವನನ್ನು ಮೇಸ್ತ್ರಿ ಅನ್ನುತ್ತಾರಂತೆ. ಎರಡು ಮಿಲಿಮೀಟರ್ ಕಳೆಯಬೇಕು ಎಂಬಷ್ಟೂ ತಿಳಿಯದ...

ವಜ್ರಕ್ಕ ಕಟ್ಟಿದ ಕೈ ಬಿಚ್ಚಿದಳು.

ಅವಳು ಮೆಲ್ಲಗೆ ತಲೆ ಬಗ್ಗಿಸಿ ತನ್ನ ಉತ್ತರಗಳನ್ನು ನೋಡಿದಳು. ಬರೆದದ್ದನ್ನು ಮತ್ತೆ ನೋಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಮೇಜಿನ ಹಲಗೆ, ಉದ್ದದಲ್ಲಿ ಎರಡು ಮಿಲಿಮೀಟರ್ ಕಡಿಮೆ, ಅಗಲದಲ್ಲಿ ಎರಡು ಮಿಲಿಮೀಟರ್ ಕಡಿಮೆ. ತೊಟ್ಟಿ, ಎಲ್ಲ ಕಡೆಯಿಂದಲೂ ಕಡಿಮೆ. ಹೊಲ.

ಹೊಲಕ್ಕೂ ಉಸಿರು ಬಿಟ್ಟಿದ್ದಳು. ನಲವತ್ತು ಮೀಟರಿನ ಹೊಲವನ್ನು ಯಾವ ಚೌಕಟ್ಟಿನೊಳಗೆ ಕೂರಿಸುವವರಿದ್ದರೋ ದೇವರಿಗೇ ಗೊತ್ತು.

ಎರಡು ವರ್ಷ. ಎರಡು ಸಲ. ಪರೀಕ್ಷೆ ತಿದ್ದುವವರಿಗೆ ಹಿಡಿಶಾಪ ಹಾಕಿದ್ದು, ಗುಮಾಸ್ತನ ಜೊತೆ ಜಗಳವಾಡಿದ್ದು, ಮರು ಎಣಿಕೆಗೆ ಅರ್ಜಿ ಕೊಟ್ಟದ್ದು, ಎಲ್ಲ ಒಟ್ಟಿಗೆ ತಲೆಗೆ ಏರಿತು. ತಪ್ಪು ಎಲ್ಲಿ ಎಂದು ಕೇಳಿದ್ದಳಲ್ಲ. ಒಟ್ಟಾರೆ ಎಂದಿದ್ದ. ಹಾಳಾದವನು ಸರಿಯಾಗಿಯೇ ಹೇಳಿದ್ದ.

ಪೆನ್ನಿನ ಟೋಪಿ ತೆಗೆದಳು. ಏಳು ಸಾವಿರದ ನೂರ ಅರವತ್ತನಾಲ್ಕರ ಮೇಲೆ ಪೆನ್ನು ತಂದಳು. ಕೈ ಮುಂದಕ್ಕೆ ಹೋಗಲಿಲ್ಲ. ಸುಮ್ಮನೆ ಹೇಳುತ್ತಿರುವ ಮಾತಲ್ಲ, ಕೈ ನಿಂತುಹೋಯಿತು. ಬುದ್ಧಿ ಹೊಡಿ ಎನ್ನುತ್ತಿತ್ತು, ಮಣಿಕಟ್ಟು ಆಗಲ್ಲ ಎನ್ನುತ್ತಿತ್ತು. ಗೀರಿನ ಮೇಲೆ ಗೀರು ಹಾಕಿದರೆ ಪೇಪರು ಸಿಡಿದು ಸೂಲಗಿತ್ತಿಯ ಕಣ್ಣಿಗೆ ಚೂರು ಹಾರುತ್ತದೆ ಎಂಬಂತೆ ಮೈ ಹಿಂದಕ್ಕೆ ವಾಲಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಒತ್ತಿದಳು. ಅಡ್ಡಗೆರೆ ಬಿತ್ತು. ಹಾಳೆ ಸಿಡಿಯಲಿಲ್ಲ. ಮೇಜು ಟಕ್ ಎಂದಿತು.

"ಏನಾದ್ರೂ ಬೇಕೇನಮ್ಮ?" ಟೀಚರು ಹತ್ತಿರ ಬಂದಿದ್ದರು.

"ಹೊತ್ತು ಬೇಕಿತ್ತು."

"ಅದೊಂದು ನನ್ನ ಹತ್ರ ಇಲ್ಲ. ಇಷ್ಟು ಹೊತ್ತು ಕೈಕಟ್ಟಿ ಕೂತಿದ್ರಲ್ಲ."

"ನಂಗೆ ಕೊಬ್ಬಿತ್ತು ಟೀಚರ್," ಎಂದಳು ವಜ್ರಕ್ಕ, ತಲೆ ಎತ್ತದೆ. ಟೀಚರು ಕನ್ನಡಕ ಸರಿಮಾಡಿಕೊಂಡು ಕಾವಲುಗಾರನ ಬೆನ್ನಿನ ಹಿಂದೆ ಮರೆಯಾದರು.

ಆಮೇಲೆ ನಡೆದದ್ದು ಪರೀಕ್ಷೆಯಲ್ಲ, ಗಾಜಿನಂಗಡಿಗೆ ಗೂಳಿ ನುಗ್ಗಿದ ಹಾಗೆ. ಹೊಡೆದಳು, ಬರೆದಳು, ಬರೆದದ್ದನ್ನು ನಂಬದೆ ಮತ್ತೆ ಹೊಡೆದಳು. ಉಸಿರನ್ನು ಕಳೆಯಬೇಡ ಎಂದು ತಲೆಗೆ ಹೇಳಿದಷ್ಟೂ ಅದು ಕದ್ದು ಕಳೆಯುತ್ತಿತ್ತು. ಮೇಜಿನ ಹಲಗೆ ಸರಿಯಾಯಿತು. ಹೊಲ ಸರಿಯಾಯಿತು, ಸಾವಿರ, ದುಂಡಗೆ, ಬಾಲವಿಲ್ಲದ ಸಾವಿರ, ನೋಡಿದರೆ ಸುಳ್ಳು ಎನ್ನಿಸುವಂಥದು. ತೊಟ್ಟಿಯ ಒಂದು ಬದಿ ಸರಿಯಾಯಿತು. ಬೇಲಿಗೆ ಬಂದಾಗ ಮೊದಲ ಉತ್ತರ ಸರಿಯೋ ಎರಡನೆಯದು ಸರಿಯೋ ತಿಳಿಯದಾಯಿತು, ಎರಡನ್ನೂ ಹೊಡೆದು ಮೂರನೆಯದನ್ನು ಬರೆದಳು. ಬೀಜಗಣಿತದಲ್ಲಿ ಸರಿಯಾಗಿದ್ದ ಒಂದು ಎಕ್ಸನ್ನೂ ಆ ರಭಸದಲ್ಲಿ ಕೆಡಿಸಿ ಮತ್ತೆ ರಿಪೇರಿ ಮಾಡಿದಳು. ಹಾದಿಯ ಲೆಕ್ಕವನ್ನು ಹೊಡೆದದ್ದಾಯಿತು, ಹೊಸ ಉತ್ತರ ಬರೆಯಬೇಕು, ಗಂಟೆ ಹೊಡೆಯಿತು.

ಟೀಚರು ಹಾಳೆ ಎಳೆದಾಗ ಅವಳು ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಎಳೆದಾಡಿದರು. ಟೀಚರು ಗೆದ್ದರು.

ಹೊರಗೆ ಗಂಡ ವ್ಯಾನಿಗೆ ಒರಗಿ ನಿಂತಿದ್ದ. "ಹೇಗಾಯ್ತು?"

"ಪುಡಿಪುಡಿ ಆಯ್ತು. ನಡೀರಿ."

ಮನೆಯಲ್ಲಿ ವಿಷಯ ಕೇಳಿ ಮಗಳು ಮೊದಲು ನಕ್ಕಳು. ಹೊಲದ ಮಾತು ಬಂದಾಗ ಮೇಜಿಗೆ ತಲೆಯಿಟ್ಟು ನಕ್ಕಳು. ತಾಯಿಯ ಮುಖ ಕಂಡು ನಿಲ್ಲಿಸಿದಳು.

"ಅಮ್ಮಾ, ನಾನು ಆ ಪಾಠಾನೇ ಬಿಟ್ಟುಬಿಟ್ಟೆ."

"ಮೀನಿಗೆ ಈಜು," ಎಂದಳು ವಜ್ರಕ್ಕ. "ಮೀನು ಮುಳುಗ್ತು, ಹೋಗು."

"ನನ್ನ ಸಣ್ಣ ಮಗ..." ಎಂದು ಅತ್ತೆ ಶುರುಮಾಡಿದರು.

"ಅಜ್ಜಿ, ಬಟಾಣಿ ತಿನ್ನು," ಎಂದಳು ಮಗಳು.

ಫಲಿತಾಂಶ ಬರುವವರೆಗಿನ ದಿನಗಳು ಪರೀಕ್ಷೆಗಿಂತ ಕೆಟ್ಟವು. ಯಾಕೆಂದರೆ ಕೈ ಕೆಟ್ಟಿತ್ತು. ಆ ಒಂದು ಮಧ್ಯಾಹ್ನದ ಹೊಡೆದಾಟದ ಸೋಂಕು ಮಣಿಕಟ್ಟಿಗೆ ತಗುಲಿತ್ತು. ಮೊದಲೆಲ್ಲ ಅಳತೆ ತೆಗೆದುಕೊಂಡರೆ ಮರುಮಾತಿಲ್ಲ. ಈಗ ಪಟ್ಟಿ ಇಟ್ಟ ಮೇಲೆ ಇನ್ನೊಂದು ಸಲ ನೋಡುವ ಎನ್ನಿಸುತ್ತಿತ್ತು. ನೋಡಿದರೆ ಅನುಮಾನ. ಅನುಮಾನ ಬಂದರೆ ಬೆವರು. ಒಂದು ದಿನ ಅಂಗಡಿಯೊಂದರ ಮುಂಭಾಗಕ್ಕೆಂದು ದೊಡ್ಡ ಹಾಳೆ ಮಲಗಿಸಿದ್ದಳು, ಗೀರು ಎಳೆದಳು. ರೇಷ್ಮೆಯ ಸದ್ದೇ ಬಂತು. ನಡುವೆ ಒಂದು ಕಡೆ ಮೊನೆ ಹಾರಿತೇನೋ ಎಂದು ಅನ್ನಿಸಿತು. ಅನ್ನಿಸಿದ್ದಷ್ಟೆ. ಕೈ ತಾನಾಗಿ ಹಿಂದೆ ಹೋಗಿ, ಗೀರಿನ ಮೇಲೆ ಇನ್ನೊಂದು ಗೀರು ಎಳೆಯಿತು.

ಗಾಜು ಸಿಡಿದ ಸದ್ದಿಗೆ ಕಾರ್ಖಾನೆಯ ಯಂತ್ರಗಳೆಲ್ಲ ನಿಂತವು ಎನ್ನುತ್ತಾರೆ. ಯಂತ್ರ ನಿಂತಿರಲಿಕ್ಕಿಲ್ಲ, ಜನರಂತೂ ನಿಂತರು. ಮೈದುನ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದ. ಕೊಯ್ಯುವ ಮನೆಯಲ್ಲಿ ಗಾಜು ಒಡೆದಾಗ ತಾನು ಬೇರೆ ಕಡೆ ಇದ್ದದ್ದು ಅವನಿಗೆ ಅದೇ ಮೊದಲು, ನಂಬಲಾಗದೆ ತನ್ನ ಕೈಗಳನ್ನೇ ನೋಡಿಕೊಂಡ.

"ಅತ್ತಿಗೇ," ಎಂದ. "ನೀವಾ?"

"ಬಿಡು, ಕಲ್ಲು ಹೊಡೆದ್ರು," ಎಂದಳು ವಜ್ರಕ್ಕ.

ಅವನಿಗೆ ಅರ್ಥವಾಯಿತು. ಕಿವಿ ಕೆಂಪಾಗಿ ಒಳಗೆ ಹೋದ. ಅವಳು ಪೊರಕೆ ತಂದು ಚೂರುಗಳನ್ನು ತಾನೇ ಗುಡಿಸಿದಳು, ಯಾರಿಗೂ ಮುಟ್ಟಲು ಬಿಡಲಿಲ್ಲ. ಕುರ್ಚಿಯಂತೂ ಹೋಯಿತು, ಈಗ ಕೈಯೂ ಹೋಯಿತು. ಈ ಪರೀಕ್ಷೆ ಹುಟ್ಟಿಸಿದವನು ಎದುರಿಗೆ ಸಿಕ್ಕಿದ್ದರೆ ಅವಳು ಅವನನ್ನು ಒಂದೇ ಗೀರಿನಲ್ಲಿ ಎರಡು ಮಾಡುತ್ತಿದ್ದಳು, ಉಸಿರೂ ಬಿಡದೆ.

ಫಲಿತಾಂಶವನ್ನು ಮಗಳು ಔಷಧಿ ಅಂಗಡಿಯಿಂದಲೇ ಫೋನಿನಲ್ಲಿ ನೋಡಿ ಓಡಿಬಂದಳು. ಅಂಗಡಿಯ ಬಿಳಿ ಕೋಟು ಬಿಚ್ಚುವುದನ್ನೂ ಮರೆತಿದ್ದಳು.

"ಪಾಸು."

ವಜ್ರಕ್ಕ ಫೋನು ಕಸಿದುಕೊಂಡಳು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಕೊಟ್ಟಿದ್ದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಇಷ್ಟೇನಾ?"

"ಪಾಸಮ್ಮ."

"ಅಲ್ಲ, ಹೊಲ ಸರಿ ಇತ್ತು, ಮೇಜು ಸರಿ ಇತ್ತು, ಎಕ್ಸ್ ಎಲ್ಲ ಸರಿ ಇತ್ತು. ಇನ್ನೂ ಬರ್ಬೇಕಿತ್ತು. ನಾಳೆ ಹೋಗಿ ಆ ಗುಮಾಸ್ತನ್ನ ಕೇಳ್ತೀನಿ. ಮರು ಎಣಿಕೆಗೆ ಹಾಕ್ತೀನಿ."

ಗಂಡ ಬದುಕಿನಲ್ಲಿ ಮೊದಲ ಸಲ ವೇಗವಾಗಿ ಏನನ್ನೋ ಮಾಡಿದ. ಎದ್ದು ಬಂದು ಅವಳ ಕೈಯಿಂದ ಫೋನು ತೆಗೆದುಕೊಂಡ. "ಬೇಡ ಮಾರಾಯ್ತಿ. ಎಣಿಸಿ ಒಂದು ಕಡಿಮೆ ಮಾಡಿದ್ರೆ?"

ಮರು ಎಣಿಕೆಯ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಚೌಕಟ್ಟಿಗೆ ಒತ್ತಿ ಕುಟ್ಟಿ ಕೂರಿಸಿದ ಪಾಸು. ಎಲ್ಲಿ ಮುಟ್ಟಿದರೂ ಬಿರುಕು ಬಿಡುವಂಥದು. ಖುಷಿಪಡಲೂ ಜಾಗ ಬಿಟ್ಟಿರಲಿಲ್ಲ.

"ಅದಕ್ಕೆ ಇಷ್ಟು ಗಲಾಟೇನಾ," ಎಂದರು ಅತ್ತೆ. ಆದರೂ ಅಂದು ಸುಲಿದ ಬಟಾಣಿಯಲ್ಲಿ ಒಂದು ಹಿಡಿಯನ್ನು ತಿನ್ನದೆ ಸೊಸೆಯ ಮುಂದೆ ಸುರಿದರು.

ಹೊಸ ಯಜಮಾನ ಮಾತು ಉಳಿಸಿಕೊಂಡ. ಮೈದುನ ತನ್ನ ದಿಂಬನ್ನೂ ಬಾಚಣಿಗೆಯನ್ನೂ ತೆಗೆದುಕೊಂಡು ಮೇಸ್ತ್ರಿಯ ಕೋಣೆ ಖಾಲಿ ಮಾಡಿದ. ಅವನಿಗೆ ಬೇಸರಕ್ಕಿಂತ ನೆಮ್ಮದಿಯಾದಂತೆ ಕಂಡಿತು. ಕುರ್ಚಿಯಲ್ಲಿ ಕೂತ ವಜ್ರಕ್ಕನಿಗೆ ಅದರ ಒಂದು ಕಾಲು ಗಿಡ್ಡವೆಂದು ಗೊತ್ತಾಯಿತು. ಈ ಲೋಕದಲ್ಲಿ ಸರಿಯಾದ ನಾಲ್ಕು ಕಾಲಿನ ಪೀಠೋಪಕರಣವೇ ಇಲ್ಲವೇನೋ.

ಮೊದಲ ಕೆಲಸವಾಗಿ ಶಾಲೆಯಿಂದ ಕರೆ ಬಂದಿತ್ತು. ಟೇಪು ಅಂಟಿಸಿದ್ದ ಗಾಜು ಕೊನೆಗೂ ಬಿದ್ದುಹೋಗಿತ್ತು. ವಜ್ರಕ್ಕ ಮೈದುನನನ್ನು ಕರೆದುಕೊಂಡು ವ್ಯಾನು ಹತ್ತಿದಳು. ಹೊಸ ಮೇಸ್ತ್ರಿಯ ಗೌರವಕ್ಕೆಂದು ಗಂಡ ಇನ್ನಷ್ಟು ನಿಧಾನವಾಗಿ ಓಡಿಸಿದ.

ಅದೇ ಕೋಣೆ, ಅದೇ ಕುಟ್ಟುವ ಮೇಜು. ವ್ಯಾನಿನಿಂದ ಇಳಿಸಿದ ಗಾಜಿನ ಹಾಳೆಯನ್ನು ಎರಡು ಬೆಂಚು ಜೋಡಿಸಿ ಮಲಗಿಸಿದರು. ಮೈದುನ ಏಣಿ ಹಿಡಿದ. ಅವಳು ಮೇಲೆ ಹತ್ತಿ ಖಾಲಿ ಚೌಕಟ್ಟಿಗೆ ಅಳತೆಯ ಟೇಪು ಹಿಡಿದು ಓದಿದಳು: "ಅರವತ್ತು. ನಲವತ್ತು."

ಕೆಳಗಿನಿಂದ ಮೈದುನ ತಲೆಯೆತ್ತಿ ಕೇಳಿದ: "ಅತ್ತಿಗೇ, ಇದು ಪರೀಕ್ಷೆ ಲೆಕ್ಕಾನಾ, ಕಾರ್ಖಾನೆ ಲೆಕ್ಕಾನಾ?"

ಅವನು ಗೇಲಿ ಮಾಡುತ್ತಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದ. ಉಸಿರು ಕಳೆದು ಹೇಳಿದಳೋ, ಕಳೆಯದೆ ಹೇಳಿದಳೋ ಅವನಿಗೆ ತಿಳಿಯಬೇಕಿತ್ತು. ಇಷ್ಟು ವರ್ಷ ಕಲಿಸಿದರೂ ಅವನ ಬಾಯಿಂದ ಆ ಪ್ರಶ್ನೆ ಬಂದಿರಲಿಲ್ಲ. ಬರಬಾರದ ಹೊತ್ತಿನಲ್ಲಿ ಬಂತು. ಎರಡು ಮಿಲಿಮೀಟರ್ ಕಳೆದಿದ್ದಳೋ ಇಲ್ಲವೋ ವಜ್ರಕ್ಕನಿಗೇ ಗೊತ್ತಾಗಲಿಲ್ಲ.

"ಕಾರ್ಖಾನೆ ಲೆಕ್ಕ," ಎಂದು ಗದರಿದಳು. "ಏಣಿ ಸರಿಯಾಗಿ ಹಿಡ್ಕೋ."

ಗದರಿ, ಹಾಳಾದ ಚಾಳಿ ಎಂದು ತನ್ನನ್ನು ತಾನೇ ಬೈದುಕೊಂಡು, ಟೇಪನ್ನು ಚೌಕಟ್ಟಿನ ಆ ಮೂಲೆಯಿಂದ ಈ ಮೂಲೆಗೆ ಇನ್ನೊಂದು ಸಲ ಎಳೆದಳು.